ಮೋಡದ ಮೇಲಿನ ಬಿಸಿಲು

ಆಷಾಢದಲ್ಲಿ ಜಯನಗರ, ಬನಶಂಕರಿಯ ಮಹಡಿಗಳ ಮೇಲೆ ಒಣಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಮಳೆ ಬಂತು ಎನ್ನುವಂತಿಲ್ಲ, ಬಿಸಿಲು ಕಂಡಿತು ಎನ್ನುವಂತಿಲ್ಲ. ತಲೆಯ ಮೇಲೆ ಬೂದುಬಣ್ಣದ ಕಂಬಳಿ ಹಾಸಿದಂಥ ಮೋಡ. ಮೋಡ ತೀರಾ ದಟ್ಟವಲ್ಲದ ದಿನ ಅದರ ಮೇಲ್ಭಾಗಕ್ಕೆ ಇರುವ ದೂರ ಜಯನಗರದಿಂದ ಮೆಜೆಸ್ಟಿಕ್‌ಗೆ ಇರುವಷ್ಟೂ ಅಲ್ಲ. ಅಲ್ಲಿ ಕಣ್ಣು ಕೋರೈಸುವ ಬಿಸಿಲು, ಕೆಳಗೆ ಹಿಂಜಿದ ಹತ್ತಿಯಂಥ ಬಿಳಿಯ ಬಯಲು. ಆ ಬಿಸಿಲನ್ನು ಕಾಣಬೇಕೆಂಬ ಆಸೆ ಮನುಷ್ಯನಿಗೆ ವಿಮಾನ ಬರುವ ಮೊದಲೇ ಇತ್ತು.

ಕಾಳಿದಾಸನ ‘ರಘುವಂಶ’ದ ಹದಿಮೂರನೆಯ ಸರ್ಗದಲ್ಲಿ ಲಂಕೆಯಿಂದ ಅಯೋಧ್ಯೆಗೆ ಪುಷ್ಪಕ ವಿಮಾನದಲ್ಲಿ ಮರಳುವ ಸೀತೆ ಕಿಟಕಿಯಿಂದ ಕೈ ಚಾಚಿ ಮೋಡವನ್ನು ಮುಟ್ಟುತ್ತಾಳೆ. ಆ ಮೋಡ ಮಿಂಚಿನ ಬಳೆಯನ್ನೇ ಅವಳ ಕೈಗೆ ತೊಡಿಸಿದಂತೆ ಕಂಡಿತೆಂಬುದು ಕವಿಯ ಕಲ್ಪನೆ. ನೂರಾರು ಜನರನ್ನು ಹೊತ್ತು ಹಾರುವ ಇಂದಿನ ಜೆಟ್ ವಿಮಾನಗಳಲ್ಲಿ ಆ ಸುಖವಿಲ್ಲ. ಅಲ್ಲಿ ನಾವು ಮೋಡವನ್ನು ದಪ್ಪಗಾಜಿನ ಹಿಂದಿನಿಂದ, ಅರೆನಿದ್ದೆಯಲ್ಲಿ ನೋಡುತ್ತೇವೆ. ಕೈಗೆಟುಕುವಷ್ಟು ಹತ್ತಿರ ಮೋಡ ಸಿಗುವುದು ಪುಟ್ಟ ವಿಮಾನದವರಿಗೆ ಮಾತ್ರ. ಅಂಥ ಪುಟ್ಟ ವಿಮಾನವೊಂದು ಬೆಂಗಳೂರಿನಲ್ಲೇ ತಯಾರಾಯಿತು. ಅದರ ಹೆಸರೂ ‘ಪುಷ್ಪಕ್’ ಎಂದೇ.

ಬಳ್ಳಾರಿಯಲ್ಲಿ ತಂಗಿದ ಅಂಚೆ

ಕನ್ನಡ ನೆಲಕ್ಕೂ ಪುಟ್ಟ ವಿಮಾನಕ್ಕೂ ಇರುವ ನಂಟು ಪುಷ್ಪಕ್‌ಗಿಂತ ಹಳೆಯದು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ‘ಪುಸ್ ಮಾತ್’ ಎಂಬ ಒಂಟಿ ಎಂಜಿನ್ನಿನ ವಿಮಾನದಲ್ಲಿ ಅಂಚೆಯ ಚೀಲಗಳನ್ನು ಹೊತ್ತು ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಬಂದರು. ದೇಶದ ನಾಗರಿಕ ವಿಮಾನಯಾನದ ಆರಂಭವೆಂದು ಆ ಹಾರಾಟವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅಂಚೆ ಮುಂಬಯಿಗೇ ಮುಗಿಯಲಿಲ್ಲ. ಅಲ್ಲಿಂದ ಮುಂದೆ ಅದನ್ನು ಮದರಾಸಿಗೆ ಒಯ್ದವರು ಟಾಟಾ ಅವರ ಸಹೋದ್ಯೋಗಿ ನೆವಿಲ್ ವಿನ್ಸೆಂಟ್. ಅವರು ಆ ರಾತ್ರಿ ತಂಗಿದ್ದು ಬಳ್ಳಾರಿಯಲ್ಲಿ. ರೇಡಿಯೊ ಇಲ್ಲದ ಆ ವಿಮಾನಕ್ಕೆ ನದಿ, ಬೆಟ್ಟ, ರೈಲುದಾರಿಗಳೇ ನಕ್ಷೆ. ಕತ್ತಲಾಗುವ ಮೊದಲು ಇಳಿಯಲೊಂದು ಬಯಲು ಬೇಕು. ಬಳ್ಳಾರಿ ಆ ಬಯಲನ್ನು ಕೊಟ್ಟಿತು. ಈ ಮಾತು ನೆನಪಿರಲಿ. ಮುಂದೆ ಮತ್ತೆ ಬರುತ್ತದೆ.

ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತಲೆಯೆತ್ತಿದ್ದು 1940ರ ಡಿಸೆಂಬರಿನಲ್ಲಿ. ಉದ್ಯಮಿ ವಾಲಚಂದ್ ಹೀರಾಚಂದ್ ಅವರ ಯೋಜನೆಗೆ ಮೈಸೂರು ಸಂಸ್ಥಾನ ಜೊತೆಗೂಡಿತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮರುವರ್ಷವೇ ಹಾರ್ಲೋ ತರಬೇತಿ ವಿಮಾನ ಇಲ್ಲಿ ಜೋಡಣೆಯಾಗಿ ಹಾರಿತು. ಜೋಡಿಸುವುದು ಬೇರೆ, ವಿನ್ಯಾಸ ಮಾಡುವುದು ಬೇರೆ. ಆ ಎರಡನೆಯ ಹೆಜ್ಜೆಯನ್ನು ಇಡಿಸಿದವರು ಡಾ. ವಿ.ಎಂ. ಘಾಟಗೆ. ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ಎರಡು ಆಸನಗಳ ತರಬೇತಿ ವಿಮಾನ 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಮೇಲೇರಿತು. ವಾಯುಪಡೆಯ ಎಷ್ಟೋ ಮಂದಿ ಹಾರಾಟದ ಓನಾಮ ಕಲಿತದ್ದು ಇದರಲ್ಲಿ. ಆಫ್ರಿಕಾದ ಘಾನಾಕ್ಕೂ ಕೆಲವು ಹೋದವು.

1958ರ ಸೆಪ್ಟೆಂಬರ್ 28ರಂದು ಹಾರಿದ್ದು ಪುಷ್ಪಕ್. ಅಮೆರಿಕದ ಏರೋಂಕಾ ಚೀಫ್ ವಿಮಾನವನ್ನು ಬಹಳ ಮಟ್ಟಿಗೆ ಹೋಲುವ ಇದು ಸಾದಾಸೀದಾ ವಾಹನ. ತಲೆಯ ಮೇಲೆ ರೆಕ್ಕೆ, ಒಳಗೆ ಅಕ್ಕಪಕ್ಕ ಎರಡು ಆಸನ, ಮೂತಿಗೆ 90 ಅಶ್ವಶಕ್ತಿಯ ಎಂಜಿನ್, ಮೈಗೆ ಬಟ್ಟೆಯ ಹೊದಿಕೆ. ಇದರ ವೇಗ ಇಂದಿನ ಹೆದ್ದಾರಿಯ ಅವಸರದ ಕಾರಿಗಿಂತ ಹೆಚ್ಚೇನೂ ಅಲ್ಲ. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹಂಚಿಹೋದವು. ಕ್ಲಬ್ಬುಗಳಿಗೆ ಸರ್ಕಾರದ ಸಹಾಯಧನವಿದ್ದ ಕಾಲ ಅದು. ಹಾರಾಟ ರಾಜರ, ಶ್ರೀಮಂತರ ಸೊತ್ತಾಗಿರದೆ ಮಧ್ಯಮ ವರ್ಗದ ಹುಡುಗರಿಗೂ ಒಂದಿಷ್ಟು ದಕ್ಕಿದ್ದು ಹೀಗೆ.

ಎರಡು ಬಯಲುಗಳು

1948ರಲ್ಲಿ ಆಗಿನ ಗವರ್ನರ್ ಜನರಲ್ ರಾಜಾಜಿ ಅವರು ಜಯನಗರ ಬಡಾವಣೆಗೆ ಶಂಕುಸ್ಥಾಪನೆ ಮಾಡಿದರು. ಊರಿನ ದಕ್ಷಿಣದ ಆ ಬಯಲಿಗೆ ಮಹಾರಾಜ ಜಯಚಾಮರಾಜ ಒಡೆಯರ ಹೆಸರು ಬಂತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಒಡೆಯರ ಆಳ್ವಿಕೆಯಲ್ಲಿ, ಊರಿನ ಉತ್ತರದ ಜಕ್ಕೂರಿನಲ್ಲಿ ಇನ್ನೊಂದು ಬಯಲು ವಿಮಾನಗಳಿಗಾಗಿ ಮೀಸಲಾಯಿತು. ಒಂದು ಬಯಲಿನಲ್ಲಿ ಮನೆಗಳೆದ್ದವು. ಇನ್ನೊಂದರಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಬಂತು.

ಆ ಶಾಲೆಯಿಂದ ತೇರ್ಗಡೆಯಾಗಿ ಹೊರಬಂದ ಮೊದಲ ಪೈಲಟ್ ಒಬ್ಬ ಹೆಣ್ಣುಮಗಳೆಂದರೆ ಇಂದಿಗೂ ಅನೇಕರಿಗೆ ಅಚ್ಚರಿಯಾದೀತು. 1949ರಲ್ಲಿ ಆ ಗೌರವ ಪಡೆದವರು ಉಷಾ ಸುಂದರಂ. ಅವರ ಪತಿ ಕ್ಯಾಪ್ಟನ್ ವಿ. ಸುಂದರಂ ಮೈಸೂರು ಮಹಾರಾಜರ ಡಕೋಟಾ ವಿಮಾನದ ಚಾಲಕರು. ಉಷಾ ಅವರ ಸಹಚಾಲಕಿ. ನೆಹರೂ, ಪಟೇಲರಂಥ ನಾಯಕರನ್ನು ದಂಪತಿ ಆ ದಿನಗಳಲ್ಲಿ ವಿಮಾನದಲ್ಲಿ ಕರೆದೊಯ್ದಿದ್ದರು. ದೇಶ ಇಬ್ಭಾಗವಾದಾಗ ಪಾಕಿಸ್ತಾನದಲ್ಲಿ ಸಿಲುಕಿದವರನ್ನು ಕರೆತಂದ ಹಾರಾಟಗಳಲ್ಲೂ ಉಷಾ ಇದ್ದರು. ಮದರಾಸು ಸರ್ಕಾರಕ್ಕಾಗಿ ಕೊಂಡ ಡವ್ ಎಂಬ ಜೋಡಿ ಎಂಜಿನ್ನಿನ ಸಣ್ಣ ವಿಮಾನವನ್ನು 1951ರಲ್ಲಿ ಇಬ್ಬರೂ ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಪಿಸ್ಟನ್ ಎಂಜಿನ್ನಿನ ವಿಮಾನಕ್ಕೆ ಅದು ದಾಖಲೆಯ ವೇಗ. ವಿಮಾನವೆಂದರೆ ಜನ ಮಹಡಿ ಹತ್ತಿ ನೋಡುತ್ತಿದ್ದ ಕಾಲದಲ್ಲಿ ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಖಂಡಗಳನ್ನೇ ದಾಟಿ ಬಂದದ್ದು ಸಣ್ಣ ಸಂಗತಿಯಲ್ಲ.

ಸುಖ ಮತ್ತು ಶಿಸ್ತು

ಬೆಂಗಳೂರಿನಲ್ಲಿ ಪುಟ್ಟ ವಿಮಾನ ಹಾರಿಸಲು ತನ್ನದೇ ಆದ ಒಂದು ಕಷ್ಟವಿದೆ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮದರಾಸಿನ ಗಾಳಿಗಿಂತ ನೂರಕ್ಕೆ ಎಂಟರಿಂದ ಹತ್ತು ಪಾಲು ತೆಳು. ಗಾಳಿ ತೆಳುವಾದರೆ ಎಂಜಿನ್ ತುಸು ಏದುಸಿರು ಬಿಡುತ್ತದೆ. ರೆಕ್ಕೆಗೂ ಆಧಾರ ಕಡಿಮೆ. ಬೇಸಿಗೆಯ ಮಧ್ಯಾಹ್ನವಂತೂ ವಿಮಾನ ನೆಲ ಬಿಡಲು ಇನ್ನಷ್ಟು ದೂರ ಓಡಬೇಕು. ಗಾಳಿ ತಂಪಾಗಿಯೂ ಶಾಂತವಾಗಿಯೂ ಇರುವ ಬೆಳಗಿನ ಹೊತ್ತು ಪಾಠಕ್ಕೆ ಮೇಲೆನ್ನುವುದು ಇದಕ್ಕೇ.

ಏರಿದ ಮೇಲೆ ಸಿಗುವುದು ಮೋಡಗಳ ನಡುವಿನ ನೀಲಿ ಓಣಿಗಳು. ಬೆನ್ನ ಹಿಂದೆ ಸೂರ್ಯ, ಮುಂದೆ ಮೋಡದ ಗೋಡೆ ಇದ್ದರೆ ಒಂದು ಸೋಜಿಗವೂ ಕಾಣುತ್ತದೆ. ಮೋಡದ ಮೇಲೆ ಬಿದ್ದ ವಿಮಾನದ ನೆರಳಿನ ಸುತ್ತ ಬಣ್ಣದ ಉಂಗುರಗಳು ಮೂಡುತ್ತವೆ. ದೇವರ ಪಟಗಳಲ್ಲಿ ತಲೆಯ ಹಿಂದೆ ಬರೆಯುವ ಪ್ರಭಾವಳಿಯ ಹಾಗೆ! ಮೋಡದ ಅತಿ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಗೇ ಹಿಂದಿರುಗಿಸುವುದರಿಂದ ಆಗುವ ಬೆರಗಿದು. ಪ್ರತಿಯೊಬ್ಬನಿಗೂ ಅವನ ಕಣ್ಣನ್ನೇ ಕೇಂದ್ರವಾಗಿಟ್ಟುಕೊಂಡ ಪ್ರಭಾವಳಿ ಕಾಣುತ್ತದೆ.

ಆದರೆ ಮೋಡ ನೋಡಲಷ್ಟೇ ಹತ್ತಿ, ಒಳಹೊಕ್ಕರೆ ಬಲೆ. ನಮ್ಮ ಸಮತೋಲದ ಅರಿವು ಕಿವಿಯೊಳಗಿನ ನಾಳಗಳ ದ್ರವವನ್ನು ನೆಚ್ಚಿಕೊಂಡಿದೆ. ಕಣ್ಣಿಗೆ ದಿಗಂತ ಕಾಣದಿದ್ದರೆ, ನಿಧಾನವಾಗಿ ವಾಲುತ್ತಿರುವ ವಿಮಾನವೂ ನೇರವಾಗಿಯೇ ಇದೆಯೆಂದು ಕಿವಿ ಸುಳ್ಳು ಹೇಳುತ್ತದೆ. ಮೈ ಹೇಳಿದ್ದನ್ನು ನಂಬದೆ ಉಪಕರಣದ ಮುಳ್ಳು ತೋರಿಸಿದ್ದನ್ನು ನಂಬಲು ಪ್ರತ್ಯೇಕ ತರಬೇತಿ ಬೇಕು. ಆದ್ದರಿಂದಲೇ ಕಣ್ಣಳತೆಯಲ್ಲಿ ಹಾರುವವರು ಮೋಡದಿಂದ ಅಡ್ಡಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 300 ಮೀಟರ್ ದೂರ ಇಟ್ಟುಕೊಳ್ಳಬೇಕೆಂಬುದು ಸಾಮಾನ್ಯ ನಿಯಮ. ಆಷಾಢದ ಕಂಬಳಿಯ ಮೇಲೆ ಬಿಸಿಲಿದೆಯೆಂದು ಹೊಸಬ ಏರಿಹೋಗುವಂತಿಲ್ಲ; ಕಂಬಳಿಯಲ್ಲಿ ತೂತು ಕಾಣದಿದ್ದರೆ ಇಳಿಯುವುದೆಲ್ಲಿ?

ಇಳಿಯುವ ನೆಲ

ಹಾರಾಟದ ಗುಟ್ಟೇ ಇದು. ಮೇಲಿನ ಸುಖವೆಲ್ಲ ಕೆಳಗಿನ ನೆಲದ ಭರವಸೆಯ ಮೇಲೆ ನಿಂತಿದೆ. ಮೇಲಿನಿಂದ ನೋಡುವವರಿಗೆ ಕೆರೆಗಳೇ ಮೈಲಿಗಲ್ಲು: ಉತ್ತರಕ್ಕೆ ಜಕ್ಕೂರು ಕೆರೆ, ದಕ್ಷಿಣಕ್ಕೆ ಲಾಲ್‌ಬಾಗ್, ಯಡಿಯೂರು, ಮಡಿವಾಳದ ಕೆರೆಗಳು. ಬಿ.ಟಿ.ಎಂ. ಎಂಬ ಮೂರಕ್ಷರದಲ್ಲಿ ಅಡಗಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳೂ ಒಂದು ಕಾಲಕ್ಕೆ ಹೊಲ, ತೋಟ, ಕೆರೆಗಳ ಹಳ್ಳಿಗಳೇ. ಎಂಜಿನ್ ಕೈಕೊಟ್ಟರೆ ಇಳಿಯಲು ಯಾವುದಾದರೊಂದು ಹೊಲ ಅಂದು ಸಿಗುತ್ತಿತ್ತು. ಇಂದು ಅಲ್ಲೆಲ್ಲ ಮಹಡಿಯ ಮೇಲೆ ಮಹಡಿ.

ಜಕ್ಕೂರಿನ ಬಯಲೂ ಈ ಒತ್ತಡದಿಂದ ತಪ್ಪಿಸಿಕೊಂಡಿಲ್ಲ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬಳ್ಳಾರಿ ರಸ್ತೆ ಎತ್ತರಿಸಿದ ಹೆದ್ದಾರಿಯಾಯಿತು. ಇಳಿಯುವ ವಿಮಾನಕ್ಕೆ ಓಡುದಾರಿಯ ತುದಿಯಾಚೆಗೂ ಅಡೆತಡೆಯಿಲ್ಲದ ಇಳಿಜಾರು ಆಕಾಶ ಬೇಕು. ಆ ಆಕಾಶಕ್ಕೆ ರಸ್ತೆ ಅಡ್ಡ ಬಂದಾಗ ಓಡುದಾರಿಯ ಬಳಕೆಯ ಉದ್ದ ಕುಗ್ಗಿತು. ಒಂದು ಕಡೆ ದೇವನಹಳ್ಳಿ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ, ಮತ್ತೊಂದು ಕಡೆ ಎಚ್‌ಎಎಲ್. ಇವುಗಳ ನಡುವೆ ಪುಟ್ಟ ವಿಮಾನ ಅಪ್ಪಣೆ ಕೇಳಿಕೊಂಡೇ ಓಡಾಡಬೇಕು.

ಹಾಗೆಂದು ಬೆಂಗಳೂರು ಪುಟ್ಟ ವಿಮಾನವನ್ನು ಮರೆತಿಲ್ಲ. ಇಲ್ಲಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ‘ಹಂಸ’ 1993ರಲ್ಲಿ ಮೊದಲು ಹಾರಿತು. ಅದರ ಹೊಸ ರೂಪ 2021ರಲ್ಲಿ ಮೇಲೇರಿತು. ಬಟ್ಟೆ ಹೊದ್ದ ಪುಷ್ಪಕ್‌ನ ಜಾಗಕ್ಕೆ ನಾರು ಮತ್ತು ರಾಳದ ಹಗುರ ಮೈಯ ವಿಮಾನ ಬಂದಿದೆ. ವಿಮಾನ ಕಟ್ಟುವ ಕೈಗಳಿಗೆ ಈ ಊರಿನಲ್ಲಿ ಬರವಿಲ್ಲ.

ಬರ ಬರುತ್ತಿರುವುದು ಬಯಲಿಗೆ. 1948ರ ಎರಡು ಬಯಲುಗಳಲ್ಲಿ ಮನೆ ಕಟ್ಟಿದ ಬಯಲಿನ ಬೆಲೆ ನಮಗೆಲ್ಲ ಗೊತ್ತು. ಚದರಡಿಯ ಲೆಕ್ಕದಲ್ಲಿ ಹೇಳಬಲ್ಲೆವು. ಖಾಲಿ ಬಿಟ್ಟ ಬಯಲಿನ ಬೆಲೆಗೆ ಅಂಥ ಲೆಕ್ಕವಿಲ್ಲ. ಉಷಾ ಸುಂದರಂ ಅವರಂಥವರು ಮೇಲೇರಲು ಸಾಧ್ಯವಾದದ್ದು ಅದರಿಂದ ಎಂದಷ್ಟೇ ಹೇಳಬಹುದು. ಮುಂದಿನ ಆಷಾಢದಲ್ಲಿ ಒಣಗದ ಬಟ್ಟೆ ತೆಗೆಯಲು ಮಹಡಿಗೆ ಹೋದಾಗ, ಮೋಡದಾಚೆ ಎಲ್ಲೋ ಸಣ್ಣ ಎಂಜಿನ್ನಿನ ಗುರುಗುಟ್ಟುವಿಕೆ ಕೇಳಿಸಿದರೆ ಒಂದು ಕ್ಷಣ ನಿಲ್ಲಿ. ಅಲ್ಲಿ ಯಾರೋ ಬಿಸಿಲಿನಲ್ಲಿದ್ದಾರೆ. ಅವರು ಇಳಿಯಲು ಕೆಳಗೆ ಇನ್ನೂ ಒಂದಿಷ್ಟು ನೆಲ ಉಳಿದಿದೆ.