ಅನುಭವ ಎಲ್ಲಿಂದ ತರೋದು?

2023ರ ಜನವರಿ. ಭದ್ರಾವತಿಯ ವಿಐಎಸ್‌ಎಲ್ ಕಾರ್ಖಾನೆ ಮುಚ್ಚೋ ತೀರ್ಮಾನವಾಗಿದೆ ಅನ್ನೋ ಸುದ್ದಿಯನ್ನ ಅವತ್ತು ರಾತ್ರಿ ನಾನೇ ಓದಿದೆ. ಬುಲೆಟಿನ್ ಮುಗಿಸಿ ಮೇಕಪ್ ಒರೆಸಿಕೊಳ್ತಿರುವಾಗ ಟೊರೊಂಟೊದಿಂದ ಫೋನ್. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವಾಗ ದಿನಾ ಭದ್ರಾವತಿಯಿಂದ ಬಸ್ಸಲ್ಲಿ ಬಂದು ನನ್ನ ಪಕ್ಕ ಕೂರುತ್ತಿದ್ದವನು. "ಇಲ್ಲಿ ನಂಗೆ ಕೆಲಸ ಸಿಗ್ತಿಲ್ಲ, ಅಲ್ಲಿ ಅಪ್ಪ ದುಡಿದ ಕಾರ್ಖಾನೇನೇ ಇರಲ್ವಂತೆ. ಏನೋ ಮಾರಾಯ ಇದು?" ಅಂದ.

ಮೆಕ್ಯಾನಿಕಲ್ ಡಿಗ್ರಿ, ಬೆಂಗಳೂರಿನಲ್ಲಿ ಎಂಟು ವರ್ಷದ ಕೆಲಸ. ಕೆನಡಾ ಅವನನ್ನ ಒಳಗೆ ಬಿಟ್ಟುಕೊಂಡಿದ್ದೇ ಇದನ್ನೆಲ್ಲ ನೋಡಿ. 1967ರಿಂದ ಅಲ್ಲಿ ವಲಸೆಗೆ ಅಂಕ ಪದ್ಧತಿ ಇದೆ: ಓದಿಗಿಷ್ಟು, ಭಾಷೆಗಿಷ್ಟು, ವಯಸ್ಸಿಗಿಷ್ಟು, ಅನುಭವಕ್ಕಿಷ್ಟು. ವಿಮಾನ ಇಳಿದ ಮೇಲೆ ಕಂಪನಿಗಳು ಆಗ ಕೇಳ್ತಿದ್ದದ್ದು ಒಂದೇ, "ಕೆನಡಾದ ಅನುಭವ ಇದೆಯಾ?" ಇಳಿದು ಮೂರು ತಿಂಗಳಾದವನಿಗೆ ಅದೆಲ್ಲಿಂದ ಬರಬೇಕು? ಇನ್ನೂರಕ್ಕೂ ಹೆಚ್ಚು ಅರ್ಜಿ ಹಾಕಿದ್ದ. ಬಹಳ ಕಡೆಯಿಂದ ಉತ್ತರವೇ ಇಲ್ಲ. ಕಡೆಗೆ ರಾತ್ರಿ ಪಾಳಿಯಲ್ಲಿ ಗೋದಾಮಿನ ಡಬ್ಬ ಎತ್ತುತ್ತಿದ್ದ. ಮನೆಯಲ್ಲಿ ಮಾತ್ರ "ಕಂಪನಿಯಲ್ಲಿದ್ದೀನಮ್ಮಾ" ಅಂದಿದ್ದ.

ನಂಗೆ ನೆನಪಾಗಿದ್ದು ಅವನ ತಾತ. ತಮಿಳು ಸೀಮೆಯಿಂದ ಭದ್ರಾವತಿಗೆ ಬಂದಾಗ ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲವಂತೆ. ಕೆಲಸಕ್ಕೆ ಸೇರಿದ ಮೇಲೆ ಕಲಿತರು.

ಭದ್ರಾವತಿಯೇ ಒಂದು ಕಾಲದಲ್ಲಿ ಜನ ಕೆಲಸ ಹುಡುಕಿಕೊಂಡು ಬರುವ ಹೊಸ ದೇಶವಾಗಿತ್ತು, ನೋಡಿ. ಬೆಂಕಿಪುರ ಅನ್ನೋ ಊರಲ್ಲಿ 1918ರಲ್ಲಿ ಮೈಸೂರು ಸಂಸ್ಥಾನ ಕಬ್ಬಿಣದ ಕಾರ್ಖಾನೆ ಶುರು ಮಾಡಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು. 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಸಲಹೆಗೆ ಬಂದವರು ಯಾರು ಗೊತ್ತಾ? ನ್ಯೂಯಾರ್ಕಿನ ಎಂಜಿನಿಯರ್ ಚಾರ್ಲ್ಸ್ ಪೇಜ್ ಪೆರಿನ್. ಅಮೆರಿಕದವರು ಕೆಲಸಕ್ಕೆ ಭದ್ರಾವತಿಗೆ ಬಂದ ಕಾಲ ಅದು! ಅವರನ್ನ ಯಾರೂ "ಮೈಸೂರಿನ ಅನುಭವ ಇದೆಯಾ" ಅಂತ ಕೇಳಿದ ಹಾಗಿಲ್ಲ.

ಅದೇ ವರ್ಷ ಅಧ್ಯಕ್ಷರಾದ ವಿಶ್ವೇಶ್ವರಯ್ಯನವರು ಹೊರದೇಶದ ತಜ್ಞರ ಜಾಗಕ್ಕೆ ನಮ್ಮವರನ್ನೇ ತರಬೇಕು ಅಂತ ಹಟ ಹಿಡಿದರು. ನಮ್ಮವರಿಗೂ ಅನುಭವ ಇರಲಿಲ್ಲ. ಇದ್ದಿಲಲ್ಲಿ ಕಬ್ಬಿಣ ಕರಗಿಸೋ ಇಷ್ಟು ದೊಡ್ಡ ಕುಲುಮೆಯನ್ನ ಮೈಸೂರು ಸೀಮೆಯಲ್ಲಿ ಕಂಡವರೇ ಎಷ್ಟು ಜನ? ಕೆಲಸ ಕೊಟ್ಟರು, ಅನುಭವ ಬಂತು. ಎಲ್ಲ ಸುಖವಾಗಿತ್ತು ಅಂತಲ್ಲ, ಕುಲುಮೆಯ ಮುಂದೆ ನಿಂತವರ ಕಷ್ಟ ಅವರಿಗೇ ಗೊತ್ತು. ಆದರೆ ಬಾಗಿಲು ತೆರೆದಿತ್ತು. ತಮಿಳರು, ತೆಲುಗರು ಬಂದು ಇಲ್ಲಿಯವರೇ ಆದರು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಇನ್ನಷ್ಟು ಜನರನ್ನ ಕರೆಯಿತು. ಈಗ ಆ ಎಂಪಿಎಂ ಕೂಡ ನಿಂತಿದೆ. ಮಕ್ಕಳು ವೀಸಾ ಹಿಡಿದು ಹೊರಡದೆ ಇನ್ನೇನು ಮಾಡ್ತಾರೆ ಹೇಳಿ.

ಕೆನಡಾಕ್ಕೂ ತನ್ನ ತಪ್ಪು ಗೊತ್ತಿಲ್ಲದ್ದೇನಲ್ಲ. ಸ್ಥಳೀಯ ಅನುಭವವೇ ಬೇಕು ಅನ್ನೋದು ಮೇಲ್ನೋಟಕ್ಕೇ ತಾರತಮ್ಯ ಅಂತ ಒಂಟಾರಿಯೊದ ಮಾನವ ಹಕ್ಕುಗಳ ಆಯೋಗ 2013ರಲ್ಲೇ ಹೇಳಿತ್ತು. ಎಂಜಿನಿಯರ್ ಲೈಸೆನ್ಸ್ ಕೊಡುವ ಅಲ್ಲಿನ ಸಂಸ್ಥೆ ಆ ಷರತ್ತನ್ನ ಕೈಬಿಟ್ಟಿದ್ದು 2023ರ ಮೇನಲ್ಲಿ. ಹೇಳೋದಕ್ಕೂ ಮಾಡೋದಕ್ಕೂ ನಡುವೆ ಹತ್ತು ವರ್ಷ!

ಅದೇ ವರ್ಷದ ಆಗಸ್ಟ್‌ನಲ್ಲಿ ವಿಐಎಸ್‌ಎಲ್‌ನಲ್ಲಿ ಒಂದಷ್ಟು ಕೆಲಸ ಮತ್ತೆ ಶುರುವಾಯಿತು. ಆ ಸುದ್ದಿ ಓದಿ ಈ ಸಲ ನಾನೇ ಫೋನ್ ಮಾಡಿದೆ. ಲೈಸೆನ್ಸಿಗೆ ಅರ್ಜಿ ಹಾಕಿದ್ದನಂತೆ. ಗೋದಾಮಿನ ಕೆಲಸ ಇನ್ನೂ ಬಿಟ್ಟಿರಲಿಲ್ಲ. "ಅಮ್ಮಂಗೆ ಮಾತ್ರ ಹೇಳ್ಬೇಡ" ಅಂದ.