ಭರತದ ಬೆನ್ನೇರಿದ ದೋಣಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದೊಡನೆ ಅಡಿಕೆ ತೋಟ, ಕಾಡು, ಮಳೆ ನೆನಪಾಗುತ್ತವೆ. ದೋಣಿ ಯಾರಿಗೂ ನೆನಪಾಗುವುದಿಲ್ಲ. ಆದರೆ ಉತ್ತರ ಕನ್ನಡದ ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳ ಚರಿತ್ರೆಯಲ್ಲಿ ಎತ್ತಿನ ಗಾಡಿಗೆ ಎಷ್ಟು ಪಾಲಿದೆಯೋ ದೋಣಿಗೂ ಅಷ್ಟೇ ಪಾಲಿದೆ. ಇಲ್ಲಿನ ಅಡಿಕೆ, ಕಾಳುಮೆಣಸು, ಏಲಕ್ಕಿ ಘಟ್ಟ ಇಳಿದು ನದಿಯ ದಂಡೆ ಮುಟ್ಟಿ, ಅಲ್ಲಿಂದ ದೋಣಿಯೇರಿ ಬಂದರಿಗೆ ಹೋಗುತ್ತಿದ್ದವು. ಹಿಂದಿರುಗುವ ದೋಣಿಗಳಲ್ಲಿ ಉಪ್ಪು, ತೆಂಗಿನಕಾಯಿ, ಬಟ್ಟೆಬರೆ ಬರುತ್ತಿದ್ದವು.

ಒಂದೊಂದು ತಾಲ್ಲೂಕಿಗೂ ತನ್ನದೇ ದಾರಿ. ಶಿರಸಿಯವರು ದೇವಿಮನೆ ಘಟ್ಟ ಇಳಿದು ಕುಮಟೆಯ ಕಡೆಗೆ ಹೋಗುತ್ತಿದ್ದರು. ಅಲ್ಲಿ ಅಘನಾಶಿನಿಯ ದಂಡೆಯಲ್ಲಿ ಉಪ್ಪಿನಪಟ್ಟಣ ಎಂಬ ಊರಿದೆ. ಆ ದಂಡೆಗೆ ಏನು ಬಂದಿಳಿಯುತ್ತಿತ್ತು ಎಂಬುದನ್ನು ಹೆಸರೇ ಹೇಳುತ್ತದೆ. ಯಲ್ಲಾಪುರದವರಿಗೆ ಅರಬೈಲು ಘಟ್ಟದ ಕೆಳಗೆ ಗಂಗಾವಳಿ, ಇನ್ನೊಂದು ಬದಿಗೆ ಕಾಳಿ ನದಿ. ಸಿದ್ದಾಪುರದವರಿಗೆ ಗೇರುಸೊಪ್ಪೆ. ಅಲ್ಲಿಂದ ಹೊನ್ನಾವರದವರೆಗೆ ಶರಾವತಿಯಲ್ಲಿ ಸುಮಾರು 18 ಮೈಲಿಯ, ಅಂದರೆ 29 ಕಿಲೋಮೀಟರಿನ ಜಲಮಾರ್ಗ. ನಾನು ಹೇಳಹೊರಟಿರುವುದು ಈ ಕೊನೆಯ ದಾರಿಯ ಮಾತು. ಅದು ನನ್ನ ತಂದೆಯ ಬಾಲ್ಯದ ದಾರಿ.

ಈ ಹೊಳೆದಾರಿಯ ಬಗ್ಗೆ ಬರೆದವರು ಇಲ್ಲದಿಲ್ಲ. 1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಇಟಲಿಯ ಪ್ರವಾಸಿ, ಇಕ್ಕೇರಿಯ ವೆಂಕಟಪ್ಪನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಗೆ ಬಂದ. ತಾನು ಕಂಡ ಅತಿ ಚೆಲುವಾದ ನದಿಗಳಲ್ಲಿ ಇದೂ ಒಂದು ಎಂಬರ್ಥದಲ್ಲಿ ಬರೆದುಕೊಂಡ. ಅವನು ಬರುವ ಹೊತ್ತಿಗೆ ಗೇರುಸೊಪ್ಪೆ ಹಾಳೂರಾಗಿತ್ತು. ಅದಕ್ಕೂ ಹಿಂದೆ, 16ನೆಯ ಶತಮಾನದ ಉತ್ತರಾರ್ಧದಲ್ಲಿ, ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆಯುತ್ತಿದ್ದರು. ಇಂದು ಅಲ್ಲಿ ಕಾಡಿನ ನಡುವೆ ಚತುರ್ಮುಖ ಬಸದಿ ಗಟ್ಟಿಯಾಗಿ ನಿಂತಿದೆ. ಮುಂದೆ ಆಂಗ್ಲರ ಕಾಲದಲ್ಲಿ ಜೋಗ ನೋಡಬಯಸಿದ ದೊರೆಗಳು ಹೊನ್ನಾವರದಲ್ಲಿ ದೋಣಿ ಹತ್ತಿ ಗೇರುಸೊಪ್ಪೆಯಲ್ಲಿ ಇಳಿದು, ಅಲ್ಲಿಂದ ಘಟ್ಟ ಏರುತ್ತಿದ್ದರು. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಜೋಗಕ್ಕೆ ‘ಗೇರುಸೊಪ್ಪೆ ಜಲಪಾತ’ ಎಂಬ ಹೆಸರು ಬಿದ್ದುದು ಹೀಗೆ.

ಪ್ರವಾಸಿಗಳು ನದಿಯ ಚೆಲುವನ್ನು ಬರೆದರು, ಅಧಿಕಾರಿಗಳು ಮೈಲಿಗಳನ್ನು ಎಣಿಸಿದರು. ದೋಣಿ ನಡೆಸುತ್ತಿದ್ದ ಅಂಬಿಗರು ಏನು ಬಲ್ಲವರಾಗಿದ್ದರು ಎಂಬುದನ್ನು ಬರೆಯುವ ಗೋಜಿಗೆ ಹೆಚ್ಚಿನವರು ಹೋಗಲಿಲ್ಲ. ಅಂಬಿಗರೂ ಬರೆದಿಡಲಿಲ್ಲ. ಆದ್ದರಿಂದ ಆ ಭಾಗಕ್ಕೆ ನಮ್ಮ ಮನೆಯ ಜಗುಲಿಯ ಮಾತೇ ನನಗೆ ಆಧಾರ.

ಜಗುಲಿಯ ಮಾತು ಎಂದರೆ ಜಗಳವೇ. ನನ್ನ ತಂದೆ ಮತ್ತು ಚಿಕ್ಕಪ್ಪ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ವಿಷಯಕ್ಕೆ ವಾದ ಮಾಡಿದರು. 1956ರ ನವೆಂಬರಿನಲ್ಲಿ ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರು ರಾಜ್ಯಕ್ಕೆ ಸೇರಿತಷ್ಟೆ. ಅದಕ್ಕೆ ಒಂದೆರಡು ವರ್ಷ ಹಿಂದಿನ ಯುಗಾದಿಯ ಸಮಯ. ನಾಲ್ಕಾರು ಮನೆಯವರು ಒಟ್ಟಾಗಿ ಹೊನ್ನಾವರಕ್ಕೆ ಹೋಗಿ, ಹಬ್ಬಕ್ಕೆ ಬೇಕಾದ ಸಾಮಾನು ತುಂಬಿಕೊಂಡು ಎರಡು ದೋಣಿಗಳಲ್ಲಿ ಹೊರಟರು. ಅಜ್ಜನ ಜೊತೆ ಒಂದರಲ್ಲಿ ಹನ್ನೆರಡು ವರ್ಷದ ಅಪ್ಪಯ್ಯ. ನೆರೆಮನೆಯವರ ಜೊತೆ ಇನ್ನೊಂದರಲ್ಲಿ ಹತ್ತು ವರ್ಷದ ಚಿಕ್ಕಪ್ಪ. ದಂಡೆ ಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅಂಬಿಗರಿಬ್ಬರ ನಡುವೆ ಪೈಪೋಟಿ ಹತ್ತಿತು. ಯಾರು ಮೊದಲು ಗೇರುಸೊಪ್ಪೆ ಮುಟ್ಟಿದರು? ಅಪ್ಪಯ್ಯ ತನ್ನ ದೋಣಿ ಎನ್ನುತ್ತಿದ್ದ, ಚಿಕ್ಕಪ್ಪ ತನ್ನದು ಎನ್ನುತ್ತಿದ್ದ. ಹೊರಟ ಹೊತ್ತಿನ ಬಗ್ಗೆಯೂ ಒಮ್ಮತವಿರಲಿಲ್ಲ. ಕೋಳಿ ಕೂಗುವಾಗ ಹೊರಟು ಮಧ್ಯಾಹ್ನದೊಳಗೆ ಮುಟ್ಟಿದೆವು ಎಂದು ಅಪ್ಪಯ್ಯ. ಇಲ್ಲ, ಮಧ್ಯಾಹ್ನದ ಊಟ ಮುಗಿಸಿ ಹೊರಟು ದೀಪ ಹಚ್ಚುವ ಹೊತ್ತಿಗೆ ಮುಟ್ಟಿದೆವು ಎಂದು ಚಿಕ್ಕಪ್ಪ.

ದೋಣಿಯ ಪಂದ್ಯವೆಂದರೆ ವಿದ್ಯಾರ್ಥಿಗಳಿಗೆ ಕೇರಳದ ಚಿತ್ರ ಕಣ್ಣಿಗೆ ಬರುತ್ತದೆ. ಆಲಪ್ಪುಳದಲ್ಲಿ 1952ರಲ್ಲಿ ನೆಹರೂ ನೋಡಿ ಮೆಚ್ಚಿದ ಮೇಲೆ ಹೆಸರಾದ ಪಂದ್ಯ, ಹಾವಿನ ಹೆಡೆಯಂತೆ ಹಿಂಬದಿ ಎತ್ತಿದ ಉದ್ದನೆಯ ದೋಣಿಗಳು, ನೂರರ ಸುಮಾರಿಗೆ ಹುಟ್ಟುಗಾರರು. ಶರಾವತಿಯ ಪೈಪೋಟಿಗೆ ಕಪ್ ಇರಲಿಲ್ಲ, ತೀರ್ಪುಗಾರರಿರಲಿಲ್ಲ. ಸಾಮಾನು ಹೊತ್ತ ದೋಣಿಗಳು ಅವು. ಗೆಲ್ಲುವುದಕ್ಕೆ ತೋಳಿನ ಬಲಕ್ಕಿಂತ ನೀರಿನ ತಿಳಿವಳಿಕೆ ಬೇಕಿತ್ತು. ಇದನ್ನು ಸ್ವಲ್ಪ ವಿವರಿಸಬೇಕು.

ಚಂದ್ರನ ಸೆಳೆತದಿಂದ ಕಡಲ ನೀರು ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ಏರುವುದು ಭರತ, ಇಳಿಯುವುದು ಇಳಿತ. ನದಿಯ ಬಾಯಿಯಲ್ಲಿ ಭರತದ ನೀರು ಒಳನುಗ್ಗಿದಾಗ ಹೊಳೆ ಹಿಂದಕ್ಕೆ ಹರಿದಂತೆ ಕಾಣುತ್ತದೆ. ಗೇರುಸೊಪ್ಪೆಯ ತನಕದ ಶರಾವತಿ ತಗ್ಗಿನ ಹೊಳೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಕಡಿಮೆಯಾದಾಗ ಈ ಹಿಮ್ಮುಖ ಹರಿವೇ ದೋಣಿಯನ್ನು ತಳ್ಳಿಕೊಂಡು ಹೋಗುತ್ತಿತ್ತು. ಭರತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುವುದರಿಂದ ಗೋಡೆ ಗಡಿಯಾರ ಇಲ್ಲಿ ಉಪಯೋಗಕ್ಕೆ ಬಾರದು. ಆದರೆ ತಿಥಿ ಬರುತ್ತದೆ. ಒಂದು ಊರಿನಲ್ಲಿ ಒಂದು ತಿಥಿಯಂದು ಭರತ ಬರುವ ಹೊತ್ತು ಹೆಚ್ಚುಕಡಿಮೆ ಪ್ರತಿಸಲವೂ ಅದೇ. ಅಷ್ಟಮಿಗೆ ಅದು ಆರು ತಾಸು ಹಿಂದೆ ಬೀಳುತ್ತದೆ. ಪಂಚಾಂಗ ತಿಳಿದ ಅಂಬಿಗನಿಗೆ ಬೇರೆ ವೇಳಾಪಟ್ಟಿ ಬೇಕಿರಲಿಲ್ಲ.

ಇನ್ನೂ ಒಂದು ಸೂಕ್ಷ್ಮವಿದೆ. ಭರತ ಶುರುವಾಗುವಾಗ ಹೊಳೆಯ ನಡುವಿನ ಆಳದಲ್ಲಿ ನೀರು ಇನ್ನೂ ಕಡಲ ಕಡೆಗೇ ಹರಿಯುತ್ತಿರುತ್ತದೆ. ದಂಡೆಯ ಬದಿಯ ತೆಳ್ಳನೆಯ ನೀರು, ನೆಲದ ಉಜ್ಜಿನಿಂದ ಮೊದಲೇ ವೇಗ ಕಳೆದುಕೊಂಡಿದ್ದರಿಂದ, ಬೇಗ ತಿರುಗುತ್ತದೆ. ಜಾಣ ಅಂಬಿಗ ದಂಡೆಗೆ ಅಂಟಿಕೊಂಡು ಹೊರಟು, ನಡುನೀರು ತಿರುಗಿದ ಮೇಲೆ ಒಳಕ್ಕೆ ಸರಿಯುತ್ತಾನೆ. ಅಪ್ಪಯ್ಯ ಇದನ್ನು ವಿಜ್ಞಾನವೆಂದು ಹೇಳುತ್ತಿರಲಿಲ್ಲ. “ನಮ್ಮ ದೋಣಿಯವ ದಂಡೆಯ ಕೇದಿಗೆ ಹಿಂಡಿಲು ತಾಗುವಷ್ಟು ಬದಿಗೆ ಹೋದ, ಅಜ್ಜ ಬೈದ, ಅವ ಕೇಳಲಿಲ್ಲ” ಎನ್ನುತ್ತಿದ್ದ. ಕಾಲೇಜಿನಲ್ಲಿ ಭೌತಶಾಸ್ತ್ರ ಓದುವಾಗ ನನಗೆ ಆ ಮಾತಿನ ಬೆಲೆ ತಿಳಿಯಿತು. ಹನ್ನೆರಡು ವರ್ಷದ ಹುಡುಗ ಕಾರಣ ಗೊತ್ತಿಲ್ಲದೆ ಇಂಥ ವಿವರವನ್ನು ಕಟ್ಟಿ ಹೇಳಲಾರ, ಕಂಡಿರಲೇಬೇಕು. ಬಾಯಿಮಾತಿನ ಚರಿತ್ರೆಯನ್ನು ಪರೀಕ್ಷಿಸುವವರು ಹುಡುಕಬೇಕಾದುದು ಇಂಥ ಗುರುತುಗಳನ್ನೇ ಎಂದು ನನ್ನ ಅಭಿಪ್ರಾಯ.

ಅಪ್ಪಯ್ಯ ತೀರಿಕೊಂಡ ವರ್ಷ ನಾನು ಆ ವಾದವನ್ನು ಲೆಕ್ಕಕ್ಕೆ ಹಚ್ಚಿದೆ. ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ವರ್ಷ ಯಾವುದಾದರೂ ತಿಥಿ ತಪ್ಪುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಂದು ನಮ್ಮ ಕರಾವಳಿಯಲ್ಲಿ ನೀರು ಬೆಳಗಿನ ಜಾವಕ್ಕೆ ತಗ್ಗಿ, ಮಧ್ಯಾಹ್ನಕ್ಕೆ ಮುಂಚೆ ತುಂಬುತ್ತದೆ. ಹಾಗಾದರೆ ಗೇರುಸೊಪ್ಪೆಗೆ ಹೊರಡುವ ದೋಣಿ ಕೋಳಿ ಕೂಗುವಾಗಲೇ ದಂಡೆ ಬಿಡಬೇಕು. ಭರತ ಹೊಳೆಯೊಳಗೆ ಮುಂದುಮುಂದಕ್ಕೆ ತಡವಾಗಿ ಮುಟ್ಟುವುದರಿಂದ, ಅದರ ಜೊತೆಗೇ ಸಾಗುವ ದೋಣಿಗೆ ಆರು ತಾಸಿಗಿಂತ ಹೆಚ್ಚೇ ಅನುಕೂಲ ಸಿಗುತ್ತದೆ. ಗಂಟೆಗೆ ನಾಲ್ಕೈದು ಕಿಲೋಮೀಟರ್ ಸಾಗಿದರೂ ಮಧ್ಯಾಹ್ನದ ಹೊತ್ತಿಗೆ ಊರು ಕಾಣುತ್ತದೆ. ಊಟ ಮುಗಿಸಿ ಹೊರಟ ದೋಣಿಗಾದರೋ ಅಮಾವಾಸ್ಯೆಯ ಬಲವಾದ ಇಳಿತ ಎದುರಾಗುತ್ತದೆ. ಹೊರಟ ಹೊತ್ತಿನ ಮಟ್ಟಿಗೆ ಅಪ್ಪಯ್ಯನ ಕಡೆಗೇ ಲೆಕ್ಕ ವಾಲುತ್ತದೆ. ಗೆದ್ದವರು ಯಾರೆಂಬುದನ್ನು ಯಾವ ಲೆಕ್ಕವೂ ಹೇಳಲಾರದು.

ಈಗ ಅದೇ ನೀರಿನಲ್ಲಿ ಅಂಥ ಪಂದ್ಯ ಆಗುವಂತೆಯೂ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ವಿದ್ಯುತ್ತಿಗೆ ಬಳಕೆಯಾದ ನೀರು ಬೇಸಿಗೆಯಲ್ಲೂ ಕೆಳಗಿಳಿಯತೊಡಗಿತು. ಹೊಳೆಯ ಉಪ್ಪು ಕಡಿಮೆಯಾಯಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಇಂದಿಗೂ ಹೇರಳವಾಗಿ ಸಿಗುವ ಚಿಪ್ಪುಮೀನು ಶರಾವತಿಯಲ್ಲಿ ವಿರಳವಾಯಿತು. ಬಸ್ಸು, ಲಾರಿಗಳು ದೋಣಿಯ ಬಾಡಿಗೆಯನ್ನು ಕಸಿದುಕೊಂಡವು. ಈ ಶತಮಾನದ ಆರಂಭಕ್ಕೆ ಗೇರುಸೊಪ್ಪೆಯಲ್ಲೇ 240 ಮೆಗಾವಾಟ್ ವಿದ್ಯುದಾಗಾರದ ಅಣೆಕಟ್ಟು ಎದ್ದಿತು. ಹೊನ್ನಾವರದ ಬಳಿ ಎರಡು ಕಿಲೋಮೀಟರಿಗೂ ಉದ್ದದ ಕೊಂಕಣ ರೈಲ್ವೆ ಸೇತುವೆಯ ಮೇಲೆ ಹೊಳೆ ದಾಟುವ ಪ್ರಯಾಣಿಕರಿಗೆ ಭರತವೋ ಇಳಿತವೋ ತಿಳಿಯಬೇಕಾದ ಅಗತ್ಯವಿಲ್ಲ.

ಲೆಕ್ಕದ ಹಾಳೆಯನ್ನು ನಾನು ಚಿಕ್ಕಪ್ಪನಿಗೆ ತೋರಿಸಿದೆ. ಅಣ್ಣ ಹೋದ ಮೇಲೆ ವಾದಕ್ಕೆ ಜನವಿಲ್ಲದೆ ಅವರು ಸುಮ್ಮನಾಗಿಬಿಟ್ಟಿದ್ದರು. ಹಾಳೆಯನ್ನು ಕನ್ನಡಕದ ಹತ್ತಿರ ಹಿಡಿದು ಎರಡು ಸಲ ಓದಿದರು. ಬೇಸಿಗೆಯ ಮಧ್ಯಾಹ್ನ ಕಡಲಿನಿಂದ ಗಾಳಿ ಬೀಸುತ್ತದೆ, ಅದು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಗೇರುಸೊಪ್ಪೆಯ ದಿಕ್ಕಿಗೇ ಬೀಸುತ್ತದೆ ಎಂಬ ಒಂದು ಸಂಗತಿಯನ್ನು ನಾನು ಲೆಕ್ಕಕ್ಕೆ ಸೇರಿಸಿರಲಿಲ್ಲ. ದೋಣಿಯಲ್ಲಿ ಹಾಯಿಯ ಸುದ್ದಿಯನ್ನು ಅಪ್ಪಯ್ಯ ಎಂದೂ ಎತ್ತಿರಲಿಲ್ಲ. ಚಿಕ್ಕಪ್ಪ ಹಾಳೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

“ಹಾಯಿ ಕಟ್ಟಿತ್ತು ತಮ್ಮಾ. ನಿನ್ನಪ್ಪ ದೋಣೀಲಿ ಮನಿಕ್ಯಂಡಿದ್ದ, ಅವಂಗೆ ಎಂತಾ ಗೊತ್ತಿದ್ದು?”