ನರಿಯ ಕಣ್ಣಿಗೆ ಬಿದ್ದ ಬೆಳಕು

ವಿಜಯವಾಡದಲ್ಲಿ ಯಾರಿಗಾದರೂ ಇದ್ದಕ್ಕಿದ್ದಂತೆ ಅದೃಷ್ಟ ಖುಲಾಯಿಸಿದರೆ 'ನಕ್ಕ ತೋಕ ತೊಕ್ಕಾವಾ?' ಎಂದು ಕೇಳುತ್ತಾರೆ. ನರಿಯ ಬಾಲ ತುಳಿದು ಬಂದೆಯಾ ಎಂದರ್ಥ. ಕನ್ನಡದವರು ಇದನ್ನೇ 'ಬೆಳಿಗ್ಗೆ ಎದ್ದು ನರಿ ಮುಖ ನೋಡಿದ್ದೆಯಾ?' ಎನ್ನುತ್ತಾರೆ. ಎರಡೂ ಭಾಷೆಯಲ್ಲಿ ನರಿ ಇನ್ನೊಬ್ಬರಿಗೆ ಅದೃಷ್ಟ ತರುವ ಪ್ರಾಣಿ. ಅದರ ಸ್ವಂತ ಅದೃಷ್ಟದ ಕಥೆ ಮಾತ್ರ ಬೇರೆ. ಆ ಕಥೆಯಲ್ಲಿ ಕೋವಿಯ ಜೊತೆಗೆ ಬೆಳಕಿಗೂ ದೊಡ್ಡ ಪಾತ್ರವಿದೆ.

ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಕುರಿಮರಿ, ಕೋಳಿ ಸಾಕಿದವರು ರಾತ್ರಿ ಹೊತ್ತು ನರಿಗೆ ಗುಂಡು ಹೊಡೆಯುವುದು ಇಂದಿಗೂ ಮಾಮೂಲು. ರೈಫಲ್ಲಿಗೆ ಯಾವ ದುರ್ಬೀನು ಕೂರಿಸಬೇಕು ಎಂಬುದು ಅಲ್ಲಿ ದಿನನಿತ್ಯದ ಚರ್ಚೆ. ಹಿಂದೆ ಈ ಲೆಕ್ಕ ಸುಲಭವಾಗಿತ್ತು. ಮುಂದಿನ ಗಾಜು 56 ಮಿಲಿಮೀಟರ್ ಇದ್ದು ದೃಶ್ಯವನ್ನು 8 ಪಟ್ಟು ದೊಡ್ಡದು ಮಾಡಿದರೆ, ಕಣ್ಣಿಗೆ ಬರುವ ಬೆಳಕಿನ ಕಂಬ 7 ಮಿಲಿಮೀಟರ್ ಅಗಲ ಇರುತ್ತದೆ. ಕತ್ತಲಲ್ಲಿ ಮನುಷ್ಯನ ಪಾಪೆ ಅರಳುವುದೂ ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ಹೆಚ್ಚು ಬೆಳಕು ತಂದರೂ ಕಣ್ಣು ಹಿಡಿಯಲಾರದು. ಆದ್ದರಿಂದ ಒಂದು ಕೈದೀಪ ಬೇಕಾಗುತ್ತಿತ್ತು. ಎರಡನೇ ಮಹಾಯುದ್ಧದ ಕೊನೆಯ ವರ್ಷ, 1945ರಲ್ಲಿ, ಜರ್ಮನರೂ ಅಮೆರಿಕನ್ನರೂ ಕಣ್ಣಿಗೆ ಕಾಣದ ಅತಿಗೆಂಪು ಬೆಳಕಿನ ದುರ್ಬೀನನ್ನು ಸೈನಿಕರ ಕೋವಿಗೆ ಕಟ್ಟಿದರು. ವಿಯೆಟ್ನಾಂ ಯುದ್ಧದ ಹೊತ್ತಿಗೆ ನಕ್ಷತ್ರದ ಬೆಳಕೇ ಸಾಕೆನ್ನುವ ಉಪಕರಣ ಬಂತು. ಈಗ ಮೈಯ ಕಾವನ್ನೇ ಚಿತ್ರವಾಗಿ ತೋರಿಸುವ ಥರ್ಮಲ್ ದುರ್ಬೀನುಗಳಿವೆ. ಆದರೂ ಒಂದು ತೊಡಕು ಹಾಗೆಯೇ ಉಳಿದಿದೆ. ಅಲ್ಲೊಂದು ಬಿಸಿ ಮೈ ಇದೆ ಎಂದು ಯಂತ್ರ ಹೇಳುತ್ತದೆ. ಅದು ನರಿಯೋ, ನೆರೆಮನೆಯ ನಾಯಿಯೋ ಎಂಬುದನ್ನು ಮನುಷ್ಯನೇ ತೀರ್ಮಾನಿಸಬೇಕು.

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ಯಾರಾದರೂ ಇದೇ ಪ್ರಶ್ನೆ ಎತ್ತಿದರೆ ಯಾವ ದುರ್ಬೀನು ಎನ್ನುವ ಮೊದಲೇ ಕಾನೂನು ಅಡ್ಡ ಬರುತ್ತದೆ. ಅದು ಅಡ್ಡ ಬಂದದ್ದು ಹೇಗೆ ಎಂಬುದಕ್ಕೆ ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕು.

1953ರವರೆಗೆ ಈ ಎರಡೂ ಊರುಗಳು ಬಳ್ಳಾರಿ, ಮಂಗಳೂರುಗಳಂತೆ ಮದ್ರಾಸಿನ ಆಡಳಿತಕ್ಕೆ ಸೇರಿದ್ದವು. ಅಲ್ಲಿಗೆ ಬಂದ ಇಂಗ್ಲಿಷರು ತಮ್ಮ ನರಿಬೇಟೆಯ ಹುಚ್ಚನ್ನೂ ಜೊತೆಗೆ ತಂದರು. ಅವರ ಊರಿನ ಕೆಂಪು ನರಿ ಇಲ್ಲಿ ಸಿಗದೆ, ಊಟಿಯ ಹುಲ್ಲುಗಾವಲಿನಲ್ಲಿ ಕುದುರೆ ಏರಿ, ಬೇಟೆನಾಯಿಗಳನ್ನು ಛೂ ಬಿಟ್ಟು ನಮ್ಮ ಗುಳ್ಳೆನರಿಯನ್ನು ಅಟ್ಟಿದರು. ನರಿಗೆ ಗುಂಡು ಹೊಡೆಯುವುದು ಆ ಕುದುರೆ ಸವಾರರ ದೃಷ್ಟಿಯಲ್ಲಿ ಮರ್ಯಾದೆಗೇಡು. ರಾತ್ರಿಯ ಕೋವಿ ಏನಿದ್ದರೂ ಹುಲಿ, ಚಿರತೆಗೆ ಮೀಸಲು. ಅವು ಕೊಂದ ದನದ ಬಳಿ ಮರದ ಮೇಲೆ ಅಟ್ಟಣೆ ಕಟ್ಟಿ ಕಾಯುವುದು ವಾಡಿಕೆ. ಟಾರ್ಚು ಬಂದ ಮೇಲೆ ಅದನ್ನು ಕೋವಿಯ ನಳಿಗೆಗೇ ಬಿಗಿದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ನರಭಕ್ಷಕಗಳ ಕಥೆಗಳಲ್ಲಿ ಇಂಥ ಟಾರ್ಚು ಮತ್ತೆ ಮತ್ತೆ ಬರುತ್ತದೆ.

ಯುದ್ಧ ಮುಗಿದ ಮೇಲೆ ಜೀಪು ಬಂತು. ಜೀಪಿನ ಜೊತೆ ಸ್ಪಾಟ್‌ಲೈಟೂ ಬಂತು. ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ವಾಪಸು ಎಸೆಯುವ ಪದರವಿರುತ್ತದೆ. ಕತ್ತಲಲ್ಲಿ ಕಾಣಲೆಂದು ಪ್ರಕೃತಿ ಕೊಟ್ಟ ಆ ಪದರವೇ ಬೇಟೆಗಾರನಿಗೆ ಗುರಿಯಾಯಿತು. ಬೆಳಕಿಗೆ ಕಕ್ಕಾಬಿಕ್ಕಿಯಾಗಿ ನಿಂತ ಜಿಂಕೆ, ಕೃಷ್ಣಮೃಗ, ಮೊಲಗಳನ್ನು ಜೀಪಿನಿಂದ ಇಳಿಯದೆಯೇ ಹೊಡೆಯಬಹುದಾಯಿತು. ಇದು ಬೇಟೆಯಲ್ಲ, ಕಸಾಯಿಕೆಲಸ ಎಂದು ಹಳೆಯ ಶಿಕಾರಿಗಳೇ ಹೇಸಿಕೊಂಡರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಈ ಹೇಸಿಗೆಗೆ ಕಾನೂನಿನ ರೂಪ ಕೊಟ್ಟಿತು. ಆಗಿನ್ನೂ ಪರವಾನಗಿ ಪಡೆದು ಬೇಟೆಯಾಡಬಹುದಿತ್ತು. ಆದರೆ ವಾಹನದಿಂದ ಹೊಡೆಯುವಂತಿಲ್ಲ, ಕೃತಕ ಬೆಳಕು ಬಳಸುವಂತಿಲ್ಲ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವಂತಿಲ್ಲ. ತಾನು ಕೊಂದ ಪ್ರಾಣಿಯ ಬಳಿಗೆ ಮರಳುವ ಮಾಂಸಾಹಾರಿಗೆ ಮಾತ್ರ, ವಿಶೇಷ ಅನುಮತಿ ಇದ್ದರೆ, ರಾತ್ರಿ ಮತ್ತು ದೀಪ ಎರಡಕ್ಕೂ ವಿನಾಯಿತಿ. 1991ರ ತಿದ್ದುಪಡಿ ಆ ಪರವಾನಗಿಗಳನ್ನೂ ತೆಗೆದುಹಾಕಿತು.

ವಿಚಿತ್ರವೆಂದರೆ 1972ರ ಅದೇ ಕಾಯ್ದೆ ಗುಳ್ಳೆನರಿಯನ್ನೂ ಬಯಲಿನ ಚಿಕ್ಕ ನರಿಯನ್ನೂ ಇಲಿ, ಕಾಗೆ, ಬಾವಲಿಗಳ ಜೊತೆ ಐದನೇ ಅನುಸೂಚಿಗೆ ಸೇರಿಸಿತು. ಅದು ಪೀಡೆಯ ಪ್ರಾಣಿಗಳ ಪಟ್ಟಿ. ನಂತರದ ವರ್ಷಗಳಲ್ಲಿ ಎರಡನ್ನೂ ಅಲ್ಲಿಂದ ತೆಗೆದು ಎರಡನೇ ಅನುಸೂಚಿಗೆ ಏರಿಸಲಾಯಿತು. ಹೊಲದ ಇಲಿ ತಿನ್ನುವ, ಸತ್ತ ಪ್ರಾಣಿಯನ್ನು ಮುಗಿಸುವ ನರಿ ರೈತನಿಗೆ ಮಾಡುವ ಉಪಕಾರ, ಅದು ತಿನ್ನುವ ಕಬ್ಬು, ಕಲ್ಲಂಗಡಿಗಿಂತ ದೊಡ್ಡದು.

ಕೋವಿ, ಕಾನೂನುಗಳಿಗಿಂತ ಮೊದಲಿನಿಂದ ನರಿಯನ್ನು ಬಲ್ಲವರು ಇನ್ನೊಬ್ಬರಿದ್ದಾರೆ. ಆಂಧ್ರದಲ್ಲಿ ಅವರ ಹೆಸರೇ ನಕ್ಕಲ, ಅಂದರೆ ನರಿಯವರು. ತಮಿಳುನಾಡಿನಲ್ಲಿ ನರಿಕುರವರು, ಕರ್ನಾಟಕದಲ್ಲಿ ಹಕ್ಕಿಪಿಕ್ಕಿಗಳು ಅವರ ಬಳಗ. ಇವರ ಮನೆಮಾತು ವಾಗ್ರಿ, ಗುಜರಾತಿಗೆ ಹತ್ತಿರದ್ದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ಏಳು ಸಂಪುಟಗಳಲ್ಲಿ ಇವರು ಕುರುವಿಕ್ಕಾರರೆಂಬ ಹೆಸರಿನಲ್ಲಿದ್ದಾರೆ. ಇವರಿಗೆ ದುರ್ಬೀನು ಬೇಕಿರಲಿಲ್ಲ. ಪೊದೆಯಲ್ಲಿ ಕೂತು ನರಿಯಂತೆಯೇ ಊಳಿಟ್ಟರೆ ನರಿಯೇ ಬಲೆಯ ಬಳಿಗೆ ಬರುತ್ತಿತ್ತು. ಯಂತ್ರಗಳು ಕಣ್ಣಿನಿಂದ ಸಾಧಿಸಲು ಹೆಣಗಿದ್ದನ್ನು ಇವರು ಗಂಟಲಿನಿಂದ ಸಾಧಿಸಿದ್ದರು. ಮಾಂಸ ಊಟಕ್ಕಾಗುತ್ತಿತ್ತು. ತಾಯಿತಕ್ಕೆಂದು 'ನರಿಕೊಂಬು' ಮಾರುತ್ತಿದ್ದರು. ನರಿಗೆ ಕೊಂಬಿಲ್ಲ, ಆದರೆ ಕೊಳ್ಳುವವರಿಗೆ ಕೊರತೆ ಇರಲಿಲ್ಲ.

ಕಾನೂನು ಬಿಗಿಯಾದಂತೆ ಜೀಪಿನ ಶಿಕಾರಿ ಹವ್ಯಾಸವೊಂದನ್ನು ಕಳೆದುಕೊಂಡ. ನಕ್ಕಲರು ಕಳೆದುಕೊಂಡದ್ದು ಕಸುಬನ್ನು. ಸ್ಪಾಟ್‌ಲೈಟಿನ ಪಾಪಕ್ಕೂ ಇವರ ಬಲೆಗೂ ಸಂಬಂಧವಿರಲಿಲ್ಲ, ಆದರೆ ನಿಷೇಧ ಇಬ್ಬರಿಗೂ ಒಂದೇ. ಆಂಧ್ರಪ್ರದೇಶದ ಪರಿಶಿಷ್ಟ ಪಂಗಡಗಳ ಪಟ್ಟಿಗೆ 'ನಕ್ಕಲ, ಕುರ್ವಿಕಾರನ್' ಎಂಬ ಹೆಸರು ಸೇರಿದ್ದು 2003ರಲ್ಲಿ, ಮೂಲ ಕಾಯ್ದೆ ಬಂದು ಮೂರು ದಶಕ ಕಳೆದ ಮೇಲೆ. ಅಷ್ಟರಲ್ಲಿ ಒಂದು ತಲೆಮಾರು ಮಣಿಸರ, ಪಿನ್ನು, ಪ್ಲಾಸ್ಟಿಕ್ ಹೂವು ಮಾರುತ್ತ ಬಸ್ ನಿಲ್ದಾಣ, ಜಾತ್ರೆಗಳಲ್ಲಿ ಬದುಕು ಸವೆಸಿತ್ತು.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಗುಳ್ಳೆನರಿಯೂ ಬಯಲಿನ ನರಿಯೂ ಈಗ ಹುಲಿ, ಆನೆಗಳ ಸಾಲಿನಲ್ಲಿ ಒಂದನೇ ಅನುಸೂಚಿಯಲ್ಲಿವೆ. ಕೊಂದರೆ ಮೂರರಿಂದ ಏಳು ವರ್ಷ ಸೆರೆ, ಕನಿಷ್ಠ 25,000 ರೂಪಾಯಿ ದಂಡ. ಐವತ್ತು ವರ್ಷದಲ್ಲಿ ಇಲಿಯ ಪಕ್ಕದಿಂದ ಹುಲಿಯ ಪಕ್ಕಕ್ಕೆ ಬಂದ ನರಿ ಕೊನೆಗೂ ತನ್ನದೇ ಮುಖ ನೋಡಿಕೊಂಡಿತೆನ್ನಬೇಕು.

ಅದೇ ಏಪ್ರಿಲ್ ತಿಂಗಳಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. ಅಲ್ಲಿ ಸಿಕ್ಕಿಬಿದ್ದ ಭಾರತೀಯರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳೂ ಇದ್ದರು. ಗಿಡಮೂಲಿಕೆಯ ಎಣ್ಣೆ, ಔಷಧಿ ಮಾರಲು ಅಷ್ಟು ದೂರ ಹೋಗಿದ್ದರು. ಕಾಡಿನ ಕಸುಬು ತಪ್ಪಿದ ಮೇಲೆ ಹೊಟ್ಟೆಪಾಡು ಅವರನ್ನು ಕಡಲಾಚೆಗೆ ಕರೆದೊಯ್ದಿತ್ತು. ನರಿಗೆ ಸಿಕ್ಕ ರಕ್ಷಣೆ ನ್ಯಾಯವಾದದ್ದೇ. ಅದರ ದನಿಯನ್ನು ಗುರುತು ಹಿಡಿಯಬಲ್ಲವರು, ಅದು ಎಲ್ಲಿ ಮರಿ ಹಾಕುತ್ತದೆಂದು ಬಲ್ಲವರು ಇವರೇ. ನರಿಯನ್ನು ಲೆಕ್ಕ ಹಾಕುವ, ಕಾಯುವ ಕೆಲಸಕ್ಕೆ ಇವರಿಗಿಂತ ಯೋಗ್ಯರು ಸಿಗುವುದು ಕಷ್ಟ. ಆ ಕೆಲಸ ಊರಿನಲ್ಲೇ ಸಿಕ್ಕಿದ್ದರೆ ಸುಡಾನಿನ ದಾರಿ ಹಿಡಿಯುವ ಪ್ರಮೇಯ ಕೆಲವರಿಗಾದರೂ ಬರುತ್ತಿರಲಿಲ್ಲ.